ಜಗ್ಗಾಟದ ಮೇಷ್ಟ್ರು

ರೈಲು ತಪ್ಪಬಹುದಿತ್ತು. ಸಿಕ್ಕಿದರೂ ಡಬ್ಬಿ ಯಾರದೋ ಕಬ್ಬಿಣದ ಟ್ರಂಕಿನ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಬಹುದಿತ್ತು. ಅರಸೀಕೆರೆಯಲ್ಲಿ ಕಾಫಿಗೆ ಇಳಿದ ನಾನು ಅಲ್ಲೇ ಉಳಿದು, ಡಬ್ಬಿ ಒಂದೇ ಬೆಂಗಳೂರು ಸೇರಬಹುದಿತ್ತು. ಚಕ್ಕುಲಿ ಡಬ್ಬಿ ಎಂದುಕೊಂಡು ಯಾರಾದರೂ ಎತ್ತಿಕೊಂಡು ಹೋಗಬಹುದಿತ್ತು. ಬೆಸುಗೆ ಹಾಕಿದ ಮುಚ್ಚಳ ನೋಡಿ ಟಿಕೆಟ್ ಕಲೆಕ್ಟರಿಗೆ ಅಫೀಮಿನ ಅನುಮಾನ ಬರಬಹುದಿತ್ತು. ಬೆಂಗಳೂರಿನಲ್ಲಿ ಜಟಕಾ ಮಗುಚಬಹುದಿತ್ತು. ಪ್ರೊಫೆಸರರು ರಜೆಯ ಮೇಲೆ ಹೋಗಿರಬಹುದಿತ್ತು. ವಯಸ್ಸಾದವರು, ರಜೆಗಿಂತ ದೂರವೂ ಹೋಗಿರಬಹುದಿತ್ತು. ನನಗೆ ಹೊಟ್ಟೆ ಕೆಡಬಹುದಿತ್ತು, ಅದು ಸಾಮಾನ್ಯವಾಗಿ ಕೆಡುತ್ತದೆ. ಕೊನೆಗೆ, ಮೇಷ್ಟ್ರೇ ದಾವಣಗೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು "ಬಿಡ್ರಿ, ಯಾಕ್ ಬೇಕು" ಎಂದು ಮನೆಗೆ ತಿರುಗಿಬಿಡಬಹುದಿತ್ತು. ನನಗೆ ಹೆಚ್ಚು ಭಯವಿದ್ದದ್ದು ಇದರದೇ.

ಇವನ್ನೆಲ್ಲ ಹೊರಡುವ ಹಿಂದಿನ ದಿನ ಕಾಲೇಜಿನ ಹಾಳೆಯೊಂದರಲ್ಲಿ ನಂಬರು ಹಾಕಿ ಬರೆದಿದ್ದೆ. ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಅದು ಹೇಗಾಯಿತೆಂದು ನನಗೆ ಪೂರ್ತಿ ತಿಳಿಯಲು ಹತ್ತು ವರ್ಷ ಬೇಕಾಯಿತು. ತಿಳಿದದ್ದು ಹೋದ ತಿಂಗಳು, ಮೇಷ್ಟ್ರ ಮಣ್ಣಿಗೆ ಹೋಗಿ ಬರುವಾಗ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಹಿಡಿಸುತ್ತಿರಲಿಲ್ಲ ಎಂದಲ್ಲ. ಹಿಡಿಸಿತೋ ಇಲ್ಲವೋ ಎಂದು ಹೇಳಲು ಅವರಿಗೆ ಬೇಸರವಾಗುತ್ತಿತ್ತು. ದಾವಣಗೆರೆಯ ಕಾಲೇಜೊಂದರಲ್ಲಿ ಅವರು ಭೌತಶಾಸ್ತ್ರದ ಲೆಕ್ಚರರು. ನಾನು ಅವರ ಕೈಕೆಳಗಿನ ಡೆಮಾನ್‌ಸ್ಟ್ರೇಟರು, ಅಂದರೆ ಬೆಳಿಗ್ಗೆ ಉಪಕರಣ ಜೋಡಿಸಿಟ್ಟು ಸಂಜೆ ಚೂರು ಆರಿಸುವವನು. ಅವರಿಗೆ ಆಗ ನಲವತ್ತನಾಲ್ಕು, ನೋಡಿದರೆ ಅರವತ್ತು. ಮೂವರು ತಂಗಿಯರ ಮದುವೆ ಮುಗಿಸಿ, ಇಬ್ಬರು ತಮ್ಮಂದಿರನ್ನು ಓದಿಸಿ, ಆಮೇಲೆ ತಮಗೂ ಒಂದು ಬದುಕು ಇತ್ತಲ್ಲ ಎಂದು ನೆನಪು ಮಾಡಿಕೊಂಡವರು. ಕೆ.ಬಿ. ಬಡಾವಣೆಯ ಬಾಡಿಗೆ ಮನೆಯಿಂದ ಕಾಲೇಜಿಗೆ ನಡೆದು ಬಂದು ಸ್ಟೂಲಿನ ಮೇಲೆ ಕೂತು ಕೋಟಿನ ಮೇಲಿನ ಗುಂಡಿ ಬಿಚ್ಚಿ "ಉಸ್" ಎನ್ನುತ್ತಿದ್ದರು. ಆ ಉಸ್ಸಿನಿಂದ ನಮ್ಮ ಲ್ಯಾಬಿನ ದಿನ ಶುರು.

ಒಂದೇ ಒಂದು ವಿಷಯಕ್ಕೆ ಅವರ ದಣಿವು ಬಿಡುತ್ತಿತ್ತು. ಒಂದು ಲೋಹದ ಮೇಲೆ ಇನ್ನೊಂದು ಲೋಹದ ತೆಳ್ಳನೆಯ ಪದರ ಕೂರಿಸಿದರೆ ಅದು ಯಾಕೆ ಕೆಲವು ಸಲ ನಿಲ್ಲುತ್ತದೆ, ಯಾಕೆ ಕೆಲವು ಸಲ ಎದ್ದು ಬರುತ್ತದೆ ಎಂಬುದು. ಅವರ ಬಲಗೈ ಹೆಬ್ಬೆರಳಿನ ಉಗುರು ಇದಕ್ಕೆಂದೇ ಸ್ವಲ್ಪ ಉದ್ದ ಬೆಳೆದಿತ್ತು. ಸೈಕಲ್ಲಿನ ಹ್ಯಾಂಡಲ್, ಬಸ್ಸಿನ ಸರಳು, ಯಾರದೋ ಟಾರ್ಚು, ಎಲ್ಲಿ ನಿಕ್ಕಲ್ ಹೊಳೆಯುತ್ತಿತ್ತೋ ಅಲ್ಲಿ ಅಂಚಿಗೆ ಉಗುರು ಕೊಟ್ಟು ಮೆಲ್ಲಗೆ ಎಬ್ಬಿಸಿ ನೋಡುವರು. ಮಾತಾಡುತ್ತಿದ್ದದ್ದು ಬೇರೆ ಏನೋ ಇರುತ್ತಿತ್ತು. ಉಗುರು ತನ್ನ ಕೆಲಸ ಮಾಡುತ್ತಿತ್ತು.

ಮಲೆಬೆನ್ನೂರಿಗೆ ನನಗೆ ಹೆಣ್ಣು ನೋಡಲು ಹೋದಾಗ ನಮ್ಮ ತಾಯಿಯ ಜೊತೆ ಹಿರಿಯರೆಂದು ಅವರನ್ನೂ ಕರೆದುಕೊಂಡು ಹೋಗಿದ್ದೆ. ಕೇಸರಿಬಾತು ಹೊಸ ಟ್ರೇಯಲ್ಲಿ ಬಂತು. ಹೆಣ್ಣಿನ ತಂದೆ ಗದ್ದೆಯ ವಿಚಾರ ಹೇಳುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ತಲೆ ಎತ್ತಿದರೆ ಮೇಷ್ಟ್ರ ಉಗುರಿನ ತುದಿಯಲ್ಲಿ ಶೇಂಗಾ ಸಿಪ್ಪೆಯಂಥ ಹೊಳೆಯುವ ಚೂರು.

ಹೆಣ್ಣಿನ ತಂದೆ ಗಾಬರಿಯಾಗಿ, "ಯಾಕ್ರಿ ಮೇಷ್ಟ್ರೇ, ಟ್ರೇ ಚಲೋ ಇಲ್ಲೇನ್ರಿ?" ಎಂದರು.

"ಟ್ರೇ ಚಲೋ ಐತ್ರಿ," ಎಂದರು ಮೇಷ್ಟ್ರು, ಚೂರನ್ನು ಬೆಳಕಿಗೆ ಹಿಡಿದು. "ಇವೆರಡಕ್ಕೂ ಹೊಂದಾಣಿಕೆ ಇಲ್ಲ, ಅಷ್ಟೇ. ಈಗ ಚೆನ್ನಾಗಿ ಕಾಣ್ತತಿ. ಆರು ತಿಂಗಳಿಗೆ ಬಿಡ್ತತಿ."

ಒಳಕೋಣೆಯಲ್ಲಿ ಬಳೆಗಳ ಸದ್ದು ನಿಂತಿತು. ಸಂಬಂಧ ಉಳಿದದ್ದು ನಮ್ಮ ತಾಯಿ ಒಳಗೆ ಹೋಗಿ, ಇವರು ಹೇಳಿದ್ದು ಟ್ರೇ ಬಗ್ಗೆ, ಹುಡುಗ ಹುಡುಗಿ ಬಗ್ಗೆ ಅಲ್ಲ ಎಂದು ಅರ್ಧ ಗಂಟೆ ತಿಳಿಸಿ ಹೇಳಿದ್ದರಿಂದ. ಈಗಲೂ ಮನೆಯಲ್ಲಿ ಜಗಳವಾದಾಗ ನನ್ನ ಹೆಂಡತಿ, "ಅವತ್ತೇ ಹೇಳಿದ್ರಲ್ಲ ನಿಮ್ಮ ಮೇಷ್ಟ್ರು" ಎನ್ನುತ್ತಾಳೆ.

ತರಗತಿಯಲ್ಲಿ ಅವರು ಇದನ್ನು ಕೋಟಿನ ಒಳಗಿನ ಅಸ್ತರಿನ ಉಪಮೆಯಿಂದ ಹೇಳುತ್ತಿದ್ದರು. ಅಸ್ತರಿನ ಬಟ್ಟೆ ಒಗೆತಕ್ಕೆ ಕುಗ್ಗಿದರೆ ಏನಾಗುತ್ತದೆ? ಕೋಟು ಹಾಗೇ ಇರಬೇಕೆನ್ನುತ್ತದೆ, ಅಸ್ತರು ಎಳೆಯುತ್ತದೆ, ಅಂಚು ಸುರುಟಿಕೊಳ್ಳುತ್ತದೆ. ಲೋಹವೂ ನೇಯ್ದ ಬಟ್ಟೆಯಂತೆಯೇ: ಪರಮಾಣುಗಳು ಹಾಸು ಹೊಕ್ಕಿನ ಲೆಕ್ಕದಲ್ಲಿ ಸಾಲಾಗಿ ಕೂತಿರುತ್ತವೆ. ತಾಮ್ರದ ನೇಯ್ಗೆ ಒಂದಿಷ್ಟು ಅಗಲ, ನಿಕ್ಕಲ್‌ದು ಇಕ್ಕಟ್ಟು. ತಾಮ್ರದ ನಲವತ್ತು ಪರಮಾಣು ಕೂತ ಜಾಗದಲ್ಲಿ ನಿಕ್ಕಲ್ ನಲವತ್ತೊಂದು ಕೂರಬೇಕೆನ್ನುತ್ತದೆ. ಆದರೆ ತಾಮ್ರದ ಮೇಲೆ ಬಂದು ಕೂತಾಗ ಮೊದಲಿನ ಕೆಲವು ಸಾಲು ಸಂಕೋಚಕ್ಕೆ ಬಿದ್ದು ತಾಮ್ರದ ಲೆಕ್ಕಕ್ಕೇ ಮೈ ಹಿಗ್ಗಿಸಿಕೊಂಡು ಕೂರುತ್ತದೆ. ಮೇಲೆ ಮೇಲೆ ಸಾಲು ಬಂದ ಹಾಗೆ ಎಳೆತ ಕೂಡುತ್ತ ಹೋಗುತ್ತದೆ. ಒಂದು ದಪ್ಪ ದಾಟಿದ ಮೇಲೆ ತಡೆಯಲಾಗದೆ ಬಿರುಕು ಬಿಡುತ್ತದೆ, ಏಳುತ್ತದೆ.

ಪುಸ್ತಕದಲ್ಲಿ ಇದಕ್ಕೆ ಉದ್ದದ ಹೆಸರಿತ್ತು. ಅವರು ಕರೆದದ್ದು ಜಗ್ಗಾಟ. "ಜಗ್ಗಾಟ ಇರೋದು ತಪ್ಪಲ್ರಪ್ಪ," ಎನ್ನುತ್ತಿದ್ದರು. "ಜಗ್ಗಾಟ ಇಲ್ಲದ ಪದರ ಇಲ್ಲ, ಮನೀನೂ ಇಲ್ಲ. ಎಷ್ಟು ದಪ್ಪಕ್ಕೆ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು." ಹುಡುಗರು ಅವರಿಗೆ ಜಗ್ಗಾಟದ ಮೇಷ್ಟ್ರು ಎಂದೇ ಹೆಸರಿಟ್ಟರು. ಅವರಿಗೂ ಗೊತ್ತಿತ್ತು. ಬಿಡ್ರಿ ಎಂದಿದ್ದರು.

ಈ ಬಿಡ್ರಿ ಅವರ ಗುಣವೂ ಹೌದು, ರೋಗವೂ ಹೌದು. ನಿಕ್ಕಲ್ ಹಾಕುವ ದ್ರಾವಣದ ತೊಟ್ಟಿಗೆ, ಸಕ್ಕರೆಯ ಬದಲು ಬಳಸುವ ಸ್ಯಾಕರಿನ್ ಒಂದು ಚಿಟಿಕೆ ಹಾಕಿದರೆ ಪದರದ ಬಿಗಿ ಸಡಿಲುತ್ತದೆ ಎಂದು ಅವರು ಎಲ್ಲೋ ಓದಿದ್ದರು. ನಿಜವೂ ಹೌದು. ಹಾಗಾಗಿ ತಿಂಗಳಿಗೊಮ್ಮೆ ಔಷಧಿ ಅಂಗಡಿಯಲ್ಲಿ ಸ್ಯಾಕರಿನ್ ಕೊಳ್ಳುತ್ತಿದ್ದರು. ಅಂಗಡಿಯವನಿಂದ ಸುದ್ದಿ ಸ್ಟಾಫ್ ರೂಮಿಗೆ ಬಂತು: ಪಾಪ, ಭೌತಶಾಸ್ತ್ರದವರಿಗೆ ಸಕ್ಕರೆ ಕಾಯಿಲೆ. ಅವತ್ತಿನಿಂದ ಅವರಿಗೆ ಸಪ್ಪೆ ಚಹಾ. ಯಾರ ಮಗನ ನಾಮಕರಣಕ್ಕೂ ಅವರ ಎಲೆಗೆ ಹೋಳಿಗೆ ಇಲ್ಲ. ಎದುರಿಗೆ ಬಂದ ಬುಟ್ಟಿ ಅವರನ್ನು ದಾಟಿ ಕರುಣೆಯಿಂದ ಮುಂದೆ ಹೋಗುತ್ತಿತ್ತು.

"ಸರ್, ಹೇಳಬಾರದಾ ನಿಮಗೇನೂ ಇಲ್ಲ ಅಂತ?" ಎಂದು ನಾನೇ ಒಮ್ಮೆ ಕೇಳಿದೆ.

"ಹೇಳೋಕೆ ಹೋದ್ರೆ ತಾಮ್ರದ ನಲವತ್ತರಿಂದ ಶುರು ಮಾಡಬೇಕ್ರಿ," ಎಂದು ಸಪ್ಪೆ ಚಹಾ ಕುಡಿದರು. "ಇದೂ ರೂಢಿ ಆಗ್ತತಿ, ಬಿಡ್ರಿ."

ಅವರ ಪ್ರಯೋಗ ನಡೆಯುತ್ತಿದ್ದದ್ದು ಕಾಲೇಜಿನಲ್ಲಿ ಅಲ್ಲ, ಹರಿಹರದಲ್ಲಿ, ಹೊಳೆ ಸೇತುವೆಗೆ ಹೋಗುವ ದಾರಿಯ ಒಂದು ತಗಡಿನ ಶೆಡ್ಡಿನಲ್ಲಿ. ಸೈಕಲ್ ಸಾಮಾನು, ಬಾಗಿಲ ಚಿಲಕ, ಬಸ್ಸಿನ ಸರಳು ಇವಕ್ಕೆಲ್ಲ ನಿಕ್ಕಲ್ ಹಾಕುವ ಶೆಡ್ಡು ಅದು. ಮಿಸ್ತ್ರಿ ಒಕ್ಕಲುತನದ ಮನೆಯವನು, ಹುಬ್ಬಳ್ಳಿಯಲ್ಲಿ ಕೆಲಸ ಕಲಿತವನು. ಮೇಷ್ಟ್ರನ್ನು ಅವನು ದೊಡ್ಡ ಮೇಷ್ಟ್ರು ಎಂದೂ ನನ್ನನ್ನು ಸಣ್ಣ ಮೇಷ್ಟ್ರು ಎಂದೂ ಕರೆಯುತ್ತಿದ್ದ. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೋಗುತ್ತಿದ್ದೆವು.

ಮೇಷ್ಟ್ರ ಯೋಚನೆ ಸರಳವಾಗಿತ್ತು. ದಪ್ಪ ನಿಕ್ಕಲ್ ಒಂದೇ ಸಲ ಹಾಕಿದರೆ ಏಳುತ್ತದೆ. ಬದಲಿಗೆ ತೆಳ್ಳಗೆ ನಿಕ್ಕಲ್, ತೆಳ್ಳಗೆ ತಾಮ್ರ, ಮತ್ತೆ ನಿಕ್ಕಲ್, ಮತ್ತೆ ತಾಮ್ರ ಹೀಗೆ ಇಪ್ಪತ್ತು ಪದರ ಹಾಕಿದರೆ? ಯಾವ ಪದರವೂ ಸಿಟ್ಟಿಗೇಳುವಷ್ಟು ದಪ್ಪ ಬೆಳೆಯುವುದಿಲ್ಲ. ಜಗ್ಗಾಟ ಇರುತ್ತದೆ, ಜಗಳ ಆಗುವುದಿಲ್ಲ. ತೆಳ್ಳನೆಯ ಹಿತ್ತಾಳೆ ಪಟ್ಟಿಯ ಒಂದೇ ಮಗ್ಗುಲಿಗೆ ಹೀಗೆ ಪದರ ಹಾಕಿದರೆ ಪದರ ಎಳೆದ ಕಡೆಗೆ ಪಟ್ಟಿ ಬಾಗುತ್ತಿತ್ತು. ಎಷ್ಟು ಬಾಗಿತು ಎಂಬುದೇ ಒಳಗಿನ ಎಳೆತದ ಅಳತೆ. ಆ ಡೊಂಕನ್ನು ದಾವಣಗೆರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದಿಂದ ಅಳೆಯುತ್ತಿದ್ದೆವು.

ಶೆಡ್ಡಿನಲ್ಲಿ ಹೊತ್ತಿನ ಲೆಕ್ಕ ಮಾತ್ರ ಮಿಸ್ತ್ರಿಯದು. "ಅರ್ಧ ಬೀಡಿ ನಿಕ್ಕಲ್, ಪಾವು ಬೀಡಿ ತಾಮ್ರ" ಎನ್ನುತ್ತಿದ್ದ. ಮೇಷ್ಟ್ರು ಕೈಗಡಿಯಾರ ಹಿಡಿದು ಹತ್ತಾರು ಬೀಡಿ ಸೇದಿಸಿ ನೋಡಿದರು.

"ಮಿಸ್ತ್ರಿ, ನಿಮ್ಮ ಬೀಡಿ ನನ್ನ ಗಡಿಯಾರಕ್ಕಿಂತ ಚಲೋ ಐತ್ರಿ," ಎಂದರು.

"ಗಡಿಯಾರಕ್ಕೆ ಕೀಲಿ ಕೊಡ್ಬೇಕು ದೊಡ್ಡ ಮೇಷ್ಟ್ರೇ. ಬೀಡಿಗೆ ಏನ್ ಬೇಕು? ನೀವೊಂದು ಸೇದಿ ನೋಡ್ರಿ, ಬೇಸರ ಹೋಗ್ತತಿ."

"ಬೇಸರ ಹೋದ್ರೆ ನನ್ನ ಹತ್ರ ಏನ್ ಉಳೀತತ್ರಿ?"

ಮಿಸ್ತ್ರಿ ಕೆಮ್ಮುವಷ್ಟು ನಗುತ್ತಿದ್ದ. ಆದರೆ ಪಟ್ಟಿ ಬಾಗುವುದು ಯಾಕೆ ಬೇಕು, ಅದರಿಂದ ಏನು ತಿಳಿಯುತ್ತದೆ ಎಂದು ಮೇಷ್ಟ್ರು ಅವನಿಗೆ ಒಂದು ದಿನವೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಪದರ ಏಳಬಾರದು ಎಂಬುದೊಂದೇ ಅವನಿಗೆ ಗೊತ್ತಿದ್ದದ್ದು. ಅವನ ಕಸುಬಿಗೆ ಬೇಕಾದದ್ದೂ ಅದೊಂದೇ.

ಆ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಬೆಂಗಳೂರಿನಿಂದ ಪ್ರೊಫೆಸರರೊಬ್ಬರು ಬಂದರು. ಹುಡುಗರ ಪರೀಕ್ಷೆ ಮುಗಿದ ಮೇಲೆ ಕಪಾಟಿನಲ್ಲಿದ್ದ ಪಟ್ಟಿಗಳನ್ನು ಕಂಡು, ಏನಿದು ಎಂದರು. ಮೇಷ್ಟ್ರು ಬಿಡ್ರಿ ಎನ್ನುವಷ್ಟರಲ್ಲಿ ನಾನು ನೋಟ್‌ಬುಕ್ ತೆರೆದು ಅವರ ಮುಂದಿಟ್ಟೆ. ಜೀವನದಲ್ಲಿ ನಾನು ಯೋಚಿಸದೆ ಮಾಡಿದ ಕೆಲವೇ ಕೆಲಸಗಳಲ್ಲಿ ಅದೊಂದು. ಪ್ರೊಫೆಸರರು ಕೋಟು ಕಳಚಿ ಕೂತು ಎಂಟು ಪಟ್ಟಿಗಳ ಡೊಂಕನ್ನು ತಾವೇ ಅಳೆದು, ಬರೆದು, ಸಹಿ ಹಾಕಿದರು.

"ಇವತ್ತು ಚೆನ್ನಾಗಿದೆ," ಎಂದರು. "ವರ್ಷ ಕಳೆದ ಮೇಲೆ? ಒಳಗೇ ಸಣ್ಣ ಬಿರುಕು ಬಿಟ್ಟರೆ ಎಳೆತ ಕಡಿಮೆಯಾಗಿ ಡೊಂಕೂ ಕಡಿಮೆಯಾಗುತ್ತದೆ. ಮುಂದಿನ ವರ್ಷ ಇವೇ ಎಂಟನ್ನು ತನ್ನಿ. ಡೊಂಕು ಹೀಗೇ ಇದ್ದರೆ ನಿಮ್ಮ ಮಾತು ನಿಜ. ನಿಮ್ಮನ್ನು ಸಂಶೋಧನೆಗೆ ನಾನು ತೆಗೆದುಕೊಳ್ಳುತ್ತೇನೆ."

ಮುಂದಿನ ವರ್ಷಕ್ಕೆ ಮೇಷ್ಟ್ರಿಗೆ ನಲವತ್ತೈದು. ನಮ್ಮ ಕಾಲೇಜಿನಲ್ಲಿ ಓದಲು ಹೋಗುವವರಿಗೆ ರಜೆ ಕೊಡುತ್ತಿದ್ದದ್ದು ನಲವತ್ತೈದರ ತನಕ. ಅಂದರೆ ಇದ್ದದ್ದು ಒಂದೇ ಅವಕಾಶ, ಅದೂ ಆ ಎಂಟು ಪಟ್ಟಿಗಳ ಮೇಲೆ. ಹೊಸದಾಗಿ ಮಾಡಿದರೆ ಅವಕ್ಕೆ ಒಂದು ವರ್ಷದ ವಯಸ್ಸು ಎಲ್ಲಿಂದ ತರುವುದು?

ಆ ವರ್ಷವಿಡೀ ಅವರ ಪಾಲಿನ ಚಿಂತೆಯನ್ನೂ ನಾನೇ ಮಾಡಿದೆ. ತಿಂಗಳಿಗೊಮ್ಮೆ ಅಳೆದೆವು. ಹೋಲಿಕೆಗೆಂದು ಮಾಡಿದ ದಪ್ಪ ನಿಕ್ಕಲ್‌ನ ಪಟ್ಟಿಗಳು ಮೊದಲ ತಿಂಗಳಲ್ಲೇ ಹೊಟ್ಟು ಬಿಟ್ಟವು. ಈ ಎಂಟು ಬಿಸಿಲಲ್ಲೂ ಮಳೆಯಲ್ಲೂ ಮಿಸುಕಲಿಲ್ಲ. ಡೊಂಕು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಒಂದು ದಿನ ಮೇಷ್ಟ್ರು ಲ್ಯಾಬಿಗೆ ಬಂದು ಕೂತವರು ಉಸ್ ಎನ್ನಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹೇಗೆ ಎಂದು ಕೇಳಿದರು. ನನಗೆ ಎದೆ ಹಾರಿತು. ಆಸೆ ಪಟ್ಟವರನ್ನು ನೋಡಿದರೆ ನನಗೆ ಯಾವಾಗಲೂ ಹಾಗೆ.

ಪಟ್ಟಿಗಳನ್ನು ಒಯ್ಯಲು ಭದ್ರವಾದ ಡಬ್ಬಿ ಬೇಕೆಂದು ಹಟ ಹಿಡಿದದ್ದು ನಾನು. ಮಿಸ್ತ್ರಿ ತಗಡಿನ ಡಬ್ಬಿ ಮಾಡಿ ಒಳಗೆ ಬನಾತಿನ ಮೆತ್ತನೆ ಬಟ್ಟೆ ಹಾಸಿ ಕೊಡುತ್ತೇನೆಂದ. ಥಂಡಿ ತಗುಲದಂತೆ ಮುಚ್ಚಳಕ್ಕೆ ಬೆಸುಗೆ ಹಾಕಬೇಕೆಂದು ನಾನು ಸೇರಿಸಿದೆ. ಶನಿವಾರ ಪಟ್ಟಿಗಳನ್ನು ಶೆಡ್ಡಿಗೆ ತಲುಪಿಸಿ, ಹೇಳುವುದನ್ನೆಲ್ಲ ಹೇಳಿ ಬಂದೆ. ಭಾನುವಾರ ಬೆಸೆದ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಸೋಮವಾರ ರೈಲು ಹತ್ತಿದೆವು.

ಪ್ರೊಫೆಸರರು ಕಾದಿದ್ದರು. ಹಳೆಯ ನೋಟ್‌ಬುಕ್ ತೆರೆದು ಸೂಕ್ಷ್ಮದರ್ಶಕ ಸಿದ್ಧಮಾಡಿಟ್ಟಿದ್ದರು. ಅಟೆಂಡರು ಬೆಸುಗೆ ಬಿಡಿಸಿದ. ಬನಾತಿನ ಮೇಲೆ ಎಂಟು ಪಟ್ಟಿಗಳು ಸಾಲಾಗಿ ಮಲಗಿದ್ದವು, ರೂಲರಿನಷ್ಟು ನೆಟ್ಟಗೆ.

ಪ್ರೊಫೆಸರರು ಒಂದನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದರು. ಹಿಂಬದಿಯಲ್ಲಿ ಕೊಡತಿಯ ಪೆಟ್ಟಿನ ಮಸುಕಾದ ಗುರುತು, ಪಟ್ಟಿಯ ಉದ್ದಕ್ಕೂ, ಅಚ್ಚುಕಟ್ಟಾಗಿ. ಹಲಗೆಯ ಮೇಲೆ ಬಟ್ಟೆ ಹಾಸಿ, ಮರದ ಕೊಡತಿಯಿಂದ ತಟ್ಟಿ ತಟ್ಟಿ ನೇರ ಮಾಡಿದ್ದ ಮಿಸ್ತ್ರಿ.

ಮೇಷ್ಟ್ರು ಇನ್ನೊಂದನ್ನು ಎತ್ತಿಕೊಂಡು ಅಂಚಿಗೆ ಉಗುರು ಕೊಟ್ಟರು. ನಾಲ್ಕು ಅಂಚಿಗೂ ಕೊಟ್ಟರು. "ಎಲ್ಲೂ ಬಿಟ್ಟಿಲ್ಲ," ಎಂದರು ಮೆಲ್ಲಗೆ. "ಕೊಡತಿ ಏಟಿಗೂ ಬಿಟ್ಟಿಲ್ಲ ಸರ್."

"ಕಾಣುತ್ತದೆ," ಎಂದರು ಪ್ರೊಫೆಸರರು. ಒಳ್ಳೆಯ ಮನುಷ್ಯ; ಅವರಿಗೂ ಸಂಕಟವಾಗಿತ್ತು. "ಆದರೆ ನಾನು ಈಗ ಅಳೆಯುವುದೇನನ್ನು?"

ವಾಪಸು ಬರುವಾಗ ತುಮಕೂರಿನ ತನಕ ಮೇಷ್ಟ್ರು ಕಿಟಕಿಯಿಂದ ಹೊರಗೆ ನೋಡಿದರು. ನಾನು ಮಿಸ್ತ್ರಿಯನ್ನು ಬೈಯಲು ಶುರು ಮಾಡಿದೆ. ನನಗೆ ಬೈಗುಳದ ಅಭ್ಯಾಸ ಕಡಿಮೆ, ಇದ್ದವನ್ನೇ ತಿರುಗಿಸಿ ತಿರುಗಿಸಿ ಬೈದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ಅವಗೆ ಹೇಳ್ಬ್ಯಾಡ್ರಿ. ಕೇಳಿದ್ರೆ, ಪದರ ಚಲೋ ನಿಂತಿತ್ತು, ಪ್ರೊಫೆಸರು ಮೆಚ್ಚಿದ್ರು ಅನ್ರಿ. ಸುಳ್ಳಲ್ಲವಲ್ಲ ಅದು."

"ಸರ್, ಅವನು ನಿಮ್ಮ..."

"ನಾನು ಅವಗೆ ತಿಳಿಸಿ ಹೇಳಿದ್ದೆನೇನ್ರಿ ಯಾಕ ಬಾಗಬೇಕು ಅಂತ? ಒಂದು ಭಾನುವಾರ ಸಾಕಾಗಿತ್ತು. ಬೇಸರ ಮಾಡ್ಕೊಂಡೆ." ಆಮೇಲೆ ಕೋಟಿನ ಗುಂಡಿ ಬಿಚ್ಚಿ ಕಣ್ಣು ಮುಚ್ಚಿಕೊಂಡರು.

ಆ ವರ್ಷ ರಜೆ ಸಿಗಲಿಲ್ಲ, ಮುಂದಿನ ವರ್ಷಕ್ಕೆ ವಯಸ್ಸು ದಾಟಿತು. ಅವರು ಪಾಠ ಮಾಡಿಕೊಂಡು ಉಳಿದರು. ಭಾನುವಾರ ಹರಿಹರಕ್ಕೆ ಹೋಗುವುದನ್ನೂ ಬಿಡಲಿಲ್ಲ. ಪ್ರಯೋಗವಿಲ್ಲದಿದ್ದರೂ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಬರುತ್ತಿದ್ದರಂತೆ. ನಾನು ಹೋಗುವುದನ್ನು ಬಿಟ್ಟೆ. ಮಿಸ್ತ್ರಿಯ ಮುಖ ನೋಡುವುದು ನನ್ನಿಂದಾಗಲಿಲ್ಲ. ಅವನು ದಾವಣಗೆರೆ ಪೇಟೆಯಲ್ಲಿ ಎದುರಾದರೆ ಅಂಗಡಿಯೊಳಗೆ ಹೊಕ್ಕು ಬೇಡದ ಸಾಮಾನಿನ ಬೆಲೆ ಕೇಳುತ್ತಿದ್ದೆ. ಒಬ್ಬ ಅರಿಯದ ಮನುಷ್ಯ ಒಂದು ಕೊಡತಿಯಿಂದ ಇನ್ನೊಬ್ಬರ ಬದುಕು ಮುರಿದ ಎಂದು ಹತ್ತು ವರ್ಷ ಮನಸ್ಸಿನಲ್ಲೇ ಅವನ ಮೇಲೆ ಮೊಕದ್ದಮೆ ನಡೆಸಿದೆ. ವಿನೋಬನಗರದ ನಮ್ಮ ಮನೆಯಲ್ಲಿ ಹೆಂಡತಿಗೂ ಆ ಮೊಕದ್ದಮೆಯ ವಾದ ಬಾಯಿಪಾಠವಾಗಿತ್ತು.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಐವತ್ತೈದಕ್ಕೆ ಬರುವ ನಿವೃತ್ತಿಗೆ ಇನ್ನು ಕೆಲವೇ ತಿಂಗಳಿತ್ತು. ಮಣ್ಣು ಕೊಟ್ಟು ಎಲ್ಲರೂ ಚದುರುವಾಗ ಮಿಸ್ತ್ರಿ ನನ್ನ ಪಕ್ಕಕ್ಕೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ತಪ್ಪಿಸಿಕೊಳ್ಳಲು ಅಲ್ಲಿ ಅಂಗಡಿ ಇರಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಜೊತೆಗೇ ನಡೆದೆವು.

"ಎಂಥ ಮನುಷ್ಯ ರೀ," ಎಂದ. "ಬೆಂಗಳೂರಾಗೆ ನಮ್ಮ ಪಟ್ಟಿ ನೋಡಿ ಮೆಚ್ಚಿದ್ರಂತೆ. ಬರೋ ಭಾನುವಾರೆಲ್ಲ ಅದನ್ನ ಹೇಳೋರು ನನ್ ಮುಂದೆ. ಏಟು ಬಿದ್ರೂ ಬಿಡ್ಲಿಲ್ಲ ಮಿಸ್ತ್ರಿ, ನಿಮ್ಮ ಕೈಗುಣ ಅದು ಅನ್ನೋರು."

ನನಗೆ ತಡೆಯಲಾಗಲಿಲ್ಲ. ಹತ್ತು ವರ್ಷ ನುಂಗಿದ್ದು ಬಾಯಿಗೆ ಬಂತು. "ಅಲ್ಲಪ್ಪ ಮಿಸ್ತ್ರಿ, ಆ ಪಟ್ಟಿ ಯಾಕೆ ನೆಟ್ಟಗೆ ಮಾಡಿದೆ ನೀನು?"

ಅವನು ನಿಂತು ನನ್ನನ್ನು ನೋಡಿದ. ಕಣ್ಣಲ್ಲಿ ಕಪಟವಿರಲಿಲ್ಲ.

"ನೀವೇ ಹೇಳಿದ್ರಲ್ರೀ, ಸಣ್ಣ ಮೇಷ್ಟ್ರೇ? ಡಬ್ಬಿಯಾಗೆ ಪಟ್ಟಿ ಡೊಂಕಾಗಬಾರ್ದು ನೋಡು ಅಂತ. ಮೊದಲ್ನೇ ಸಲ ಹೇಳಿದಾಗ ನಾನು ಕಿವಿಗೇ ಹಾಕ್ಕೊಳ್ಲಿಲ್ಲ. ನೀವು ಹಂಗೆ ಏನೇನೋ ಹೇಳ್ತಿರೋರು, ಪಾಪ. ಎರಡ್ನೇ ಸಲಕ್ಕೂ ಸುಮ್ನಾದೆ. ಆಮೇಲೆ ಬಸ್ಸಿಗೆ ಅಂತ ಹೋದೋರು ಅಷ್ಟು ದೂರದಿಂದ ಬೆವರು ಸುರಿಸ್ಕೊಂಡು ವಾಪಸ್ ಬಂದ್ರಿ, ಬಾಗಿಲಾಗೆ ನಿಂತು ಮತ್ತೆ ಅದನ್ನೇ ಹೇಳಿದ್ರಿ. ಅವಾಗ ನನಗೆ ಅನ್ನಿಸ್ತು, ಅಲ್ಲಲೇ, ಇವು ಡೊಂಕೇ ಅದಾವಲ್ಲ ಅಂತ."